ಮುಟ್ಟದೆ ಹಿಡಿದ ಮೀನು

ಅಮೆರಿಕದ ಕ್ಯಾರಿ ಎಂಬ ಊರಿನ ಶಿವಬಸಪ್ಪ ಐದು ಚಳಿಗಾಲ ಮೀನು ಹಿಡಿದ, ಒಂದನ್ನೂ ಮುಟ್ಟಲಿಲ್ಲ. ಇದು ಅವನ ಹೆಚ್ಚುಗಾರಿಕೆ. ಗದಗಿನ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಮೊಟ್ಟೆಯನ್ನೂ ತಿನ್ನದೆ ಐವತ್ತು ದಾಟಿದವನಿಗೆ ಈ ಹುಚ್ಚು ಹಿಡಿದದ್ದು ಕೋವಿಡ್ ಕಾಲದಲ್ಲಿ. ಆಗ ಮನೆ ಬಿಟ್ಟು ಹೋಗಬಹುದಾದ ಜಾಗವೆಂದರೆ ಹೊಳೆಯೊಂದೇ ಆಗಿತ್ತು. ಗರಿ, ದಾರ ಸುತ್ತಿ ಮಾಡಿದ ಸುಳ್ಳು ಹುಳವನ್ನು ನೀರಿಗೆ ಎಸೆಯುವುದು, ಟ್ರೌಟ್ ಮೀನು ಕಚ್ಚಿದರೆ ಎಳೆದು ತಂದು ಮತ್ತೆ ನೀರಿಗೇ ಬಿಡುವುದು. ಚಳಿಗಾಲದಲ್ಲಿ ಆ ಹೊಳೆಯ ಕಾನೂನೂ ಅದೇ ಆಗಿತ್ತು.

ಹೆಂಡತಿ ಉಷಾ ಇದಕ್ಕೆ ಒಂದೇ ಷರತ್ತಿನ ಮೇಲೆ ಒಪ್ಪಿದ್ದಳು. "ಹಿಡೀರಿ, ಬಿಡ್ರಿ, ಏನರ ಮಾಡ್ರಿ. ಆದ್ರ ಮುಟ್ಟಬ್ಯಾಡ್ರಿ. ಮೀನ ಮುಟ್ಟಿದ ಕೈಲೆ ನನ್ನ ಹಿಟ್ಟ ನಾದೋದು ಬ್ಯಾಡ."

ಉಷಾಳ ಮಣಿಕಟ್ಟಿಗೆ ವಾತ ಹಿಡಿದಾಗಿನಿಂದ ಮನೆಯಲ್ಲಿ ರೊಟ್ಟಿ ಬಡಿಯುವವನು ಇವನೇ. ಆಫೀಸಿನಲ್ಲಿ ಅರ್ಧ ಟೀಮನ್ನು ಕೆಲಸದಿಂದ ತೆಗೆದ ಮೇಲೆ ಆ ಅರ್ಧದ ಕೆಲಸವೂ ಇವನ ಹೆಗಲಿಗೇ ಬಿದ್ದಿತ್ತು. ಹದಿಮೂರು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ಸೋತಿದ್ದ. ಗಂಡ ಹೆಂಡತಿ ಇಬ್ಬರೂ ಮನಸ್ಸು ಬಿಚ್ಚಿ ನಗುತ್ತಿದ್ದದ್ದು ಭಾನುವಾರ ಸಂಜೆಯ ರೊಟ್ಟಿಯ ಹೊತ್ತಿನಲ್ಲಿ ಮಾತ್ರ. ಅದನ್ನು ಕಳೆದುಕೊಳ್ಳಲಾರ, ಹೊಳೆಯನ್ನೂ ಬಿಡಲಾರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಇಕ್ಕಳ ಕೊಂಡ. ಮೀನು ದಡಕ್ಕೆ ಬಂದ ಕೂಡಲೇ ಇಕ್ಕಳದಿಂದ ಗಾಳ ತಿರುವಿದರೆ ಮೀನು ನೀರಿಗೆ, ಇವನ ಕೈ ಜೇಬಿಗೆ.

ಈ ವಿದ್ಯೆ ಕಲಿತದ್ದು ಇಂಗ್ಲೆಂಡಿನ ಒಬ್ಬ ಮುದುಕನ ವಿಡಿಯೊಗಳಿಂದ. ಆತ ಚಳಿಗಾಲದ ತುಂಬಿದ ಹೊಳೆಯಲ್ಲಿ ಗ್ರೇಲಿಂಗ್ ಎಂಬ ಮೀನು ಹಿಡಿಯುತ್ತಿದ್ದ. ಹೊಳೆ ತುಂಬಿದಾಗ ನಡುನೀರಿಗೆ ಇಳಿಯಬೇಡ, ಮೀನು ಸೆಳವು ತಪ್ಪಿಸಿಕೊಂಡು ದಡದ ಬುಡಕ್ಕೇ ಬಂದಿರುತ್ತದೆ ಎಂದು ಹೇಳಿಕೊಟ್ಟವನು ಅವನೇ. ಪ್ರತಿಸಲವೂ ಕೊನೆಗೆ ಆತ ದಣಿದ ಮೀನನ್ನು ನೀರಿನಲ್ಲೇ ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿರುತ್ತಿದ್ದ. ಆ ಭಾಗ ಬಂದಾಗ ಶಿವಬಸಪ್ಪ ಮುಖ ಕಿವಿಚಿ ವಿಡಿಯೊ ಮುಂದಕ್ಕೆ ಓಡಿಸುತ್ತಿದ್ದ.

ಕಳೆದ ಜನವರಿಯ ಒಂದು ಭಾನುವಾರ ನಸುಕಿನಲ್ಲೇ ಎದ್ದು, ಮೂರು ಗಂಟೆ ಕಾರು ಓಡಿಸಿ ಬೆಟ್ಟದ ಹೊಳೆಗೆ ಹೋದ. ಎರಡು ದಿನದ ಮಳೆಗೆ ನೀರು ಚಹಾದ ಬಣ್ಣಕ್ಕೆ ತಿರುಗಿ ದಡ ತುಂಬಿ ಹರಿಯುತ್ತಿತ್ತು. ಮೊಣಕಾಲು ನೋಯುತ್ತಿತ್ತು. ಮನೆಯಲ್ಲಿ ಸುಮ್ಮನೆ ಮಲಗಬಾರದಿತ್ತೇ ಎಂದು ತನ್ನನ್ನೇ ಬೈದುಕೊಳ್ಳುತ್ತ ದಡದಲ್ಲೇ ನಿಂತು ಎಸೆದ. ಒಂದು ಮೀನು ಬಿತ್ತು. ಅದರ ಬಾಲದ ತುದಿ ಹರಿದಿತ್ತು. ಆ ಸೆಳವಿನಲ್ಲಿ ಅದನ್ನು ಎಳೆದು ತರಲು ಬಹಳ ಹೊತ್ತು ಹಿಡಿಯಿತು. ಇಕ್ಕಳ ತಿರುವಿದ, ಕೆಂಚು ನೀರು ಅದನ್ನು ಒಯ್ದಿತು.

ಸ್ವಲ್ಪ ಹೊತ್ತಿನ ಮೇಲೆ ತಿಳಿನೀರು ಹುಡುಕುತ್ತ ಕೆಳಗೆ ನಡೆದ. ಐವತ್ತು ಹೆಜ್ಜೆ ಆಚೆ, ಮರದ ಬೇರುಗಳ ನಡುವೆ ಒಂದು ಟ್ರೌಟ್ ಹೊಟ್ಟೆ ಮೇಲಾಗಿ ಸಿಕ್ಕಿಕೊಂಡಿತ್ತು. ಬಾಲದ ತುದಿ ಹರಿದಿತ್ತು.

ಶಿವಬಸಪ್ಪ ಅಲ್ಲೇ ಒದ್ದೆ ಕಲ್ಲಿನ ಮೇಲೆ ಕುಸಿದ. ದಣಿದ ಮೀನಿಗೆ ಸೆಳವಿನಲ್ಲಿ ನೆಟ್ಟಗೆ ನಿಲ್ಲುವ ಶಕ್ತಿಯಿರುವುದಿಲ್ಲ, ಆ ಮುದುಕ ಹಿಡಿದುಕೊಂಡು ಕೂರುತ್ತಿದ್ದದ್ದು ಅದಕ್ಕೇ. ಐದು ಚಳಿಗಾಲ! ಎಷ್ಟು ಮೀನು ಹೀಗೆ ಕೆಳಗೆ ಹೋಗಿ ಸತ್ತವೋ. ಕೋಲು ಮುರಿದಿರಲಿಲ್ಲ, ನಿಜ. ಹಾವು ಮಾತ್ರ ಸಾಯುತ್ತಲೇ ಇತ್ತು. ತನ್ನ ಮಡಿಯ ಮೇಲೆ ಅವನಿಗೇ ಹೇಸಿಗೆಯಾಯಿತು.

ಇನ್ನು ಸಾಕು, ಮನೆಗೆ ಹೋಗೋಣ ಎಂದುಕೊಂಡ. ಆದರೆ ಕುಸಿದು ಕೂತಾಗ ಕೈಯಲ್ಲಿದ್ದ ಗಾಳದ ದಾರ ನೀರಿಗೆ ಜಾರಿತ್ತು. ಅವನ ಕಾಲ ಬುಡದಲ್ಲೇ, ಒಂದು ಮೊಳ ನೀರಿನಲ್ಲಿ, ದೊಡ್ಡ ಮೀನೊಂದು ಹುಳ ಕಚ್ಚಿ ನಡುಹೊಳೆಗೆ ಓಡಿತು. ದಾರ ಕತ್ತರಿಸಿದರೆ ಗಾಳ ಅದರ ಬಾಯಲ್ಲೇ ಉಳಿಯುತ್ತದೆ. ಹತ್ತು ನಿಮಿಷ ಎಳೆದಾಡಿ ದಡಕ್ಕೆ ತಂದಾಗ ಮೀನು ಮಗ್ಗುಲಾಗಿ ಬಿದ್ದುಕೊಂಡಿತು.

ಗಾಳ ತೆಗೆದ. ಕೈಗವಸು ಕಳಚಿದ. ಕೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಮೀನಿನ ಹೊಟ್ಟೆಯ ಕೆಳಗೆ ಚಾಚಿದ. ತಣ್ಣಗೆ, ಜಾರುಜಾರಾಗಿ, ಚೆನ್ನಾಗಿ ನಾದಿದ ಹಿಟ್ಟಿನಷ್ಟು ಮೆತ್ತಗಿತ್ತು ಅದು. ಮೂತಿಯನ್ನು ಹರಿವಿನ ಎದುರಿಗೆ ಮಾಡಿ ಹಿಡಿದ. ಬೆರಳು ಮರಗಟ್ಟಿದವು.

"ಉಸಿರಾಡ ನಮ್ಮವ್ವಾ, ಉಸಿರಾಡ," ಎಂದ, ಗಟ್ಟಿಯಾಗಿಯೇ.

ಎಷ್ಟೋ ಹೊತ್ತಿನ ಮೇಲೆ ಕಿವಿರು ಜೋರಾಗಿ ಆಡಿತು, ಬಾಲ ಅಂಗೈಗೆ ಬಡಿಯಿತು, ಕೈ ಬರಿದಾಯಿತು. ಶಿವಬಸಪ್ಪನಿಗೆ ಅಳು ಬಂತು. ವರ್ಷಗಳ ದಣಿವೆಲ್ಲ ಆ ಅಳುವಿನಲ್ಲಿತ್ತು.

ಸಂಜೆ ಉಷಾ ಎಸರಿಟ್ಟು ಕಾಯುತ್ತಿದ್ದಳು. ಅವನು ಅಡಿಗೆಮನೆಯ ಒಳಗೆ ಕಾಲಿಡದೆ ಆಚೆಯೇ ನಿಂತ. ದಾರಿಯುದ್ದಕ್ಕೂ ಸುಳ್ಳು ಹೇಳುವುದೆಂದೇ ಅಂದುಕೊಂಡು ಬಂದಿದ್ದ.

"ಉಷಾ, ಇವತ್ತ ಮೀನ ಮುಟ್ಟೀನಿ."

ಅವಳ ಮುಖ ಬಿಗಿಯಿತು. ಅವನು ಎಲ್ಲವನ್ನೂ ಹೇಳಿದ, ಹರಿದ ಬಾಲದ್ದನ್ನೂ ಬಿಡದೆ.

"ಎರಡನೇದ್ದು ಬದುಕ್ತೇನ್ರಿ?"

"ಬದುಕ್ತು. ಹಿಂದಿನವು ಎಷ್ಟ ಸತ್ತಾವೋ ಗೊತ್ತಿಲ್ಲ."

ಉಷಾ ಒಲೆಯ ಕಡೆ ತಿರುಗಿ ಉರಿ ಆರಿಸಿದಳು. "ಮುಟ್ಟಬ್ಯಾಡ್ರಿ ಅಂದಾಕಿ ನಾನ," ಎಂದಳು.

ಆಮೇಲೆ ಹಿಟ್ಟಿನ ಪರಾತವನ್ನು ಅವನತ್ತ ಸರಿಸಿದಳು. "ಕೈ ತೊಳಕೊಂಡ ಬರ್ರಿ. ಎಸರ ಆರಾಕತ್ತೈತಿ."