ಮಡಿಕೆ ಅಂದ್ರೆ ಮಡಿಕೆ

ಅಂಟಕ್ಕನ ಗಂಡನಿಗೆ ಒಂದು ಪುಸ್ತಕ ಬರಬೇಕಾಗಿದೆ. ಇನ್ನೂ ಬಂದಿಲ್ಲ. ಊರಾಚೆಯ ದಿಬ್ಬದಡಿ ಹೂತುಹೋಗಿದ್ದ ಹಳೇ ಪಟ್ಟಣವನ್ನು ಅಗೆದು ಮುಗಿಸಿದ ದಿನ ದೊಡ್ಡ ಸಾಹೇಬರು ಕುರ್ಚಿ ಹತ್ತಿ ನಿಂತು ಹೇಳಿದ್ದರು: "ಇದರ ಮೇಲೆ ಪುಸ್ತಕ ಬರುತ್ತೆ. ಅಗೆದವರಿಗೆಲ್ಲ ಒಂದೊಂದು ಕೊಡ್ತೀವಿ." ಕೂಲಿಯವರು ಚಪ್ಪಾಳೆ ತಟ್ಟಿದರು. ವರ್ಷಗಳಾದ ಮೇಲೆ ಪುಸ್ತಕ ಬಂದೇ ಬಂತು, ಎರಡು ಕೈಯಲ್ಲಿ ಎತ್ತಬೇಕಾದಷ್ಟು ದಪ್ಪ. ದೊಡ್ಡ ದೊಡ್ಡ ಗ್ರಂಥಾಲಯಗಳಿಗೆಲ್ಲ ಹೋಯಿತು. ಅಗೆದವರ ಮನೆಯ ದಾರಿ ಮಾತ್ರ ಅದಕ್ಕೆ ಗೊತ್ತಾಗಲಿಲ್ಲ.

ಅಂಟಕ್ಕ ಆ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು, ರಟ್ಟು ಕಟ್ಟುವವಳು. ಬೆರಳಸಂದಿಯಲ್ಲಿ ಒಣಗಿದ ಅಂಟು ಸದಾ ಸಿಪ್ಪೆ ಏಳುತ್ತಿರುತ್ತದೆ, ಹೆಸರು ಬಂದದ್ದು ಅದರಿಂದ.

"ನಿನ್ನ ಕೈ ಹಿಡಿದವನು ಬಿಡಿಸ್ಕೊಳ್ಳೋದು ಕಷ್ಟ ಕಣೇ" ಎಂದು ಗಂಡ ಛೇಡಿಸುತ್ತಾನೆ.

"ಬಿಡಿಸ್ಕೊಂಡು ಓಡೋಕೆ ನಿಮಗೆ ಮಂಡಿ ಎಲ್ಲಿದೆ?"

ಮಾತು ಒರಟು, ಆದರೆ ಸುಳ್ಳಲ್ಲ. ಕೂತು ಅಗೆದೂ ಅಗೆದೂ ಅವನ ಮಂಡಿಗಳು ಸವೆದುಹೋಗಿವೆ. ಮಂಚದಿಂದ ಬಾಗಿಲವರೆಗೆ ಬರಲು ಗೋಡೆ ಹಿಡಿಯಬೇಕು. ಬಾಗಿಲಲ್ಲಿ ಕೂತು ಅವನು ಕೇಳುವುದು ಒಂದೇ ಪ್ರಶ್ನೆ: "ನನ್ನ ಗುಂಡಿ ಆ ಪುಸ್ತಕದಲ್ಲಿದೆಯಾ?"

"ನಾನು ಪುಸ್ತಕದ ಬೆನ್ನು ನೋಡೋಳು. ಹೊಟ್ಟೇಲಿ ಏನಿದೆ ಅಂತ ನಂಗೇನು ಗೊತ್ತು?"

ಬಾಯಲ್ಲಿ ಹಾಗೆ ಅಂದರೂ ಅವಳನ್ನೂ ಕಾಡುವುದು ಅದೇ ಪ್ರಶ್ನೆ. ಪುಸ್ತಕ ಇರುವುದು ಅವಳ ತಲೆಯ ಮೇಲೇ, ಕಟ್ಟಡದ ತುತ್ತತುದಿಯ ಆಕರ ಗ್ರಂಥಗಳ ಕೋಣೆಯಲ್ಲಿ. ಅಲ್ಲಿ ಹಳೆಯ ನಾಗರಿಕತೆಗಳ ಮೇಲಿನ ಪುಸ್ತಕಗಳೇ ಒಂದು ಗೋಡೆಯುದ್ದಕ್ಕೂ ಇವೆ. ಎಲ್ಲದರ ಮೇಲೂ ಕೆಂಪು ಮುದ್ರೆ: ಹೊರಗೆ ಕೊಡುವಂತಿಲ್ಲ. ಮೇಲೆ ಹೋಗಲು ಲಿಫ್ಟಿದೆ. ಅದರೊಳಗೆ ಮುರಿದ ಕುರ್ಚಿಗಳನ್ನು ತುಂಬಿದ್ದಾರೆ. ಸಾವಿರಾರು ವರ್ಷ ಮಣ್ಣಲ್ಲಿದ್ದ ಊರನ್ನು ಮೇಲೆ ತಂದವನಿಗೆ ನಾಲ್ಕು ಮಹಡಿ ಹತ್ತಲಾಗುವುದಿಲ್ಲ.

ಒಂದು ದಿನ ಆ ಪುಸ್ತಕವೇ ಬೆನ್ನು ಮುರಿದುಕೊಂಡು ಕೆಳಗಿಳಿಯಿತು. ಆಕರ ವಿಭಾಗದ ಮೇಡಂ, ವಯಸ್ಸಿನ್ನೂ ಚಿಕ್ಕದು, ಸದಾ ಓಡುನಡಿಗೆ, ಅದನ್ನು ಮೇಜಿನ ಮೇಲಿಟ್ಟು, ಮತ್ತೆ ಮೆಟ್ಟಿಲು ಹತ್ತುತ್ತಲೇ ಕೂಗಿ ಹೇಳಿದರು: "ಅಂಟಕ್ಕಾ, ಇದರಲ್ಲಿ ಮಡಿಕೆ ಚಿತ್ರಗಳನ್ನ ಬೇರೆ ಪುಸ್ತಕ ಮಾಡಿ ಕಟ್ಟಿಬಿಡಿ. ಓದೋಕೆ ಬರೋರೆಲ್ಲ ಅದಕ್ಕೇ ಕೈ ಹಾಕೋದು, ಅದೇ ಹರಿಯೋದು."

ಸರಿಯಾದ ಮಾತು ಅನ್ನಿಸಿತು ಅಂಟಕ್ಕನಿಗೆ. ಪುಸ್ತಕ ಕಟ್ಟುವವರ ಬಾಯಲ್ಲಿ ಮಡಿಕೆ ಅಂದರೆ ಮಡಚಿ ಸೇರಿಸಿದ ದೊಡ್ಡ ಹಾಳೆ. ಬಿಡಿಸುವವರಿಗೆ ಮತ್ತೆ ಮಡಚಲು ಬರುವುದಿಲ್ಲ, ಎಲ್ಲೆಂದರಲ್ಲಿ ಮುದುರಿ ತುರುಕುತ್ತಾರೆ, ಹರಿಯುವುದು ಅದೇ. ಅವಳು ಒಂದೊಂದನ್ನೂ ಬಿಡಿಸಿ, ಸೀಳಿದಲ್ಲಿ ತೆಳುಕಾಗದ ಅಂಟಿಸಿ, ಹಳೇ ಗೆರೆಯ ಮೇಲೇ ಮಡಚಿ, ಬೇರೆಯಾಗಿ ಹೊಲಿದಳು. ಕೈ ಕೆಲಸದ ಮೇಲಿತ್ತು, ಸಾಸಿವೆ ಕಾಳಿನಂಥ ಅಕ್ಷರಗಳ ಮೇಲೆ ಕಣ್ಣು ನಿಲ್ಲಲಿಲ್ಲ.

ಮೇಡಂ ಬಂದು ಹೊಸ ಪುಸ್ತಕ ತೆರೆದರು. ಹಾಳೆ ಬಿಡಿಸಿದರು. ಇನ್ನೊಂದು ಬಿಡಿಸಿದರು.

"ಅಂಟಕ್ಕಾ, ಮಡಿಕೆ ಎಲ್ಲಿ?"

"ಅದೇ ಅಲ್ವಾ ಮೇಡಂ? ಒಂದೂ ಬಿಟ್ಟಿಲ್ಲ, ಎಣಿಸ್ಕೊಳ್ಳಿ ಬೇಕಾದ್ರೆ."

"ಇದು ಬರೀ ನಕ್ಷೆ!"

"ನಕ್ಷೆನೇ ತಾನೇ ಮಡಚಿರೋದು? ಮಡಿಕೆ ಅಂದ್ರೆ ಇನ್ನೇನು?"

"ಮಡಿಕೆ ಅಂದ್ರೆ ಮಡಿಕೆ ಕಣ್ರೀ! ನೀರು ತುಂಬ್ಸೋ ಮಡಿಕೆ! ಕುಂಬಾರ ಮಾಡೋದು!"

ಅಂಟಕ್ಕ ತಾನು ಹೊಲಿದ ಪುಸ್ತಕವನ್ನೊಮ್ಮೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದು ನಕ್ಕಳು. "ಗಡಿಗೆ ಅಂದಿದ್ರೆ ಆಗ್ತಿರ್ಲಿಲ್ವಾ ತಾಯಿ?" ಮೇಡಂ ಸಿಟ್ಟು ಮಾಡಲು ಹೊರಟವರು ತಡೆಯಲಾರದೆ ತಾವೂ ನಕ್ಕು, ಸ್ಟೂಲಿನ ಮೇಲೆ ಅಂಟು ಹಚ್ಚಿಟ್ಟಿದ್ದ ಬೆನ್ನುಪಟ್ಟಿಯ ಮೇಲೆಯೇ ಕೂತುಬಿಟ್ಟರು. ಅಂಟಿನ್ನೂ ಒಣಗಿರಲಿಲ್ಲ.

ಸೀರೆ ಒರೆಸಿಕೊಡುತ್ತ ಅಂಟಕ್ಕ ಕೇಳಿದಳು. "ನಾಳೆ ಎಲ್ಲಾ ಬಿಚ್ಚಿ ಸರಿಮಾಡ್ತೀನಿ. ಅದಕ್ಕೆ ಮುಂಚೆ ಒಂದು ಸಲ ನಮ್ಮ ಮನೆಯವರು ನೋಡ್ಲಿ. ಈ ಊರು ಅಗೆದೋರು ಅವರು. ಇದು ಹಗುರ ಇದೆ, ಸಂಜೆ ತಗೊಂಡು ಹೋಗಿ ಬೆಳಗ್ಗೆ ತರ್ತೀನಿ."

"ಇಲ್ಲ ಅಂಟಕ್ಕಾ. ಮುದ್ರೆ ಒತ್ತಿರೋ ಪುಸ್ತಕದ ಹಾಳೆ, ಗೇಟು ದಾಟೋ ಹಾಗಿಲ್ಲ. ಏನಾದ್ರೂ ಆದ್ರೆ ಇಬ್ರ ಕೆಲಸಾನೂ ಹೋಗುತ್ತೆ."

ಅಂಟಕ್ಕ ಸೂಜಿಗೆ ದಾರ ಪೋಣಿಸಿದಳು. ಬೇಡಿಕೊಳ್ಳುವ ಜಾತಿಯಲ್ಲ ಅವಳು. ಮೇಡಂ ಮೆಟ್ಟಿಲವರೆಗೆ ಹೋಗಿ ತಿರುಗಿದರು.

"ಪುಸ್ತಕ ಗೇಟು ದಾಟೋ ಹಾಗಿಲ್ಲ. ಅವರು ಗೇಟು ದಾಟಿ ಒಳಗೆ ಬರಬಹುದಲ್ವಾ?"

ಮರುದಿನ ಮಧ್ಯಾಹ್ನ ಅಂಟಕ್ಕನ ಮೈದುನನ ತರಕಾರಿ ಗಾಡಿ ಗ್ರಂಥಾಲಯದ ಅಂಗಳಕ್ಕೆ ಬಂತು. ಖಾಲಿ ಈರುಳ್ಳಿ ಚೀಲಗಳ ನಡುವೆ ಗಂಡ ಕೂತಿದ್ದ, ಮದುವೆ ಗಂಡಿನ ಹಾಗೆ ತಲೆ ಬಾಚಿಕೊಂಡು.

"ಏನಣ್ಣಾ ತಂದಿರೋದು, ಲೋಡು?" ಎಂದ ಕಾವಲುಗಾರ.

"ಹಳೇ ಕಾಲದ್ದು. ಅಗೆದಾಗ ಸಿಕ್ತು" ಎಂದಳು ಅಂಟಕ್ಕ.

ಮೇಡಂ ಪುಸ್ತಕ ತಂದು ಅವನ ತೊಡೆಯ ಮೇಲಿಟ್ಟು ಮೊದಲ ಹಾಳೆ ಬಿಡಿಸಿದರು. ಬಿಡಿಸಿದಷ್ಟೂ ಬಂತು, ಹೊದಿಕೆಯಷ್ಟು ಅಗಲ. ಗಾಳಿಗೆ ಎದ್ದಿತು. ಒಂದು ಮೂಲೆ ಮೇಡಂ ಹಿಡಿದರು, ಒಂದು ಕಾವಲುಗಾರ, ಒಂದು ಮೈದುನ. ಅವನು ಹೇಳಿದ ಗುರುತು ಹಿಡಿದು ಮೇಡಂ ಒಂದೊಂದೇ ಅಕ್ಷರ ಓದುತ್ತ ಅವನು ಅಗೆದ ಗುಂಡಿಯನ್ನು ಹುಡುಕಿಕೊಟ್ಟರು. ಒಂದು ಪುಟ್ಟ ಚೌಕ. ಅವನು ಅದರ ಮೇಲೆ ಹೆಬ್ಬೆರಳಿಟ್ಟ. ಗುಂಡಿ ಮುಚ್ಚಿಹೋಯಿತು.

"ಇಷ್ಟೇನಾ?" ಎಂದ. "ನನ್ನ ಮಂಡಿ ಎರಡೂ ಇದರೊಳಗೇ ಹೋದವಲ್ಲೇ."

"ಬೆರಳು ತೆಗೀರಿ, ಬೆವರು ಅಂಟುತ್ತೆ" ಎಂದಳು ಅಂಟಕ್ಕ. ದನಿ ಗದರಿದಂತಿರಲಿಲ್ಲ.

ಅವನು ಬೆರಳು ತೆಗೆಯಲಿಲ್ಲ, ಪಕ್ಕಕ್ಕೆ ಸರಿಸಿದ. ಅಲ್ಲಿ ಚುಕ್ಕಿ ಚುಕ್ಕಿ ಹಾಕಿದ ಒಂದು ಜಾಗವಿತ್ತು. "ಇದೇನಮ್ಮ?"

ಮೇಡಂ ಬಗ್ಗಿದರು. "ಅಗೆದ ಮಣ್ಣು ತಂದು ಸುರಿದ ಗುಡ್ಡೆ."

"ಜರಡಿ ಹಿಡಿತಿದ್ದ ಜಾಗ!" ಅವನು ಹೆಂಡತಿಯ ಕಡೆ ತಿರುಗಿದ. "ಏ, ನೀನಿಲ್ಲಿದ್ದೀಯ ನೋಡೇ!"

ಅಂಟಕ್ಕ ಬಗ್ಗಿ ನೋಡಿದಳು. ಹೌದು, ಅವನು ಅಗೆದು ಕಳಿಸಿದ ಮಣ್ಣನ್ನು ಬುಟ್ಟಿಗಟ್ಟಲೆ ಜರಡಿ ಹಿಡಿದವಳು ಅವಳೇ. ಮಣಿ, ಮೂಳೆ, ಚೂರುಪಾರು ಹೆಕ್ಕಿದವಳು ಅವಳೇ. ಧೂಳಿಗೆ ಕಣ್ಣುರಿದು ಕೂತಾಗ ಪರಿಚಯವಿಲ್ಲದ ಒಬ್ಬ ಹುಡುಗ ಗುಂಡಿಯಿಂದ ಹತ್ತಿ ಬಂದು ತನ್ನ ಒದ್ದೆ ಟವೆಲು ಕೊಟ್ಟದ್ದು ಅಲ್ಲೇ. ಗಂಡನಿಗೆ ಪುಸ್ತಕ ಬರಬೇಕು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದಳು. ತನಗೂ ಒಂದು ಬರಬೇಕಿತ್ತು ಅನ್ನುವುದು ಅವಳಿಗೇ ಮರೆತುಹೋಗಿತ್ತು, ಅಥವಾ ಯಾರೂ ನೆನಪಿಸಿರಲಿಲ್ಲ.

"ಟವೆಲು ನಾರ್ತಿತ್ತು" ಎಂದಳು. ಎಂದವಳು ಅವನ ಹೆಗಲ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಇನ್ನೊಂದು ಹಾಳೆ ಬಿಡಿಸುವಷ್ಟರಲ್ಲಿ ಗಾಳಿ ಜೋರಾಯಿತು, ಅಂಚು ಚರ್ರೆಂದಿತು. ಹರಿಯುವುದಕ್ಕೆ ಮೊದಲೇ ಮಡಚಿದವಳು ಅಂಟಕ್ಕನೇ. "ಉಳಿದದ್ದು?" ಎಂದು ಅವನು ಕೇಳಿದ. ಗಾಳಿ ನಿಲ್ಲಲಿಲ್ಲ, ಅಂಟಕ್ಕ ಪುಸ್ತಕ ಎತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ಅವಳು ಹೊಲಿಗೆ ಬಿಚ್ಚಿ ನಕ್ಷೆಗಳನ್ನು ದಪ್ಪ ಪುಸ್ತಕಕ್ಕೇ ಸೇರಿಸಿದಳು, ಗಡಿಗೆ ಚಿತ್ರಗಳನ್ನು ಬೇರೆ ಕಟ್ಟಿದಳು. ಎರಡೂ ಮೇಲಕ್ಕೆ ಹೋದವು. ಅವನು ನೋಡಿದ್ದು ಒಂದೇ ಹಾಳೆ.

ಓದುವವರೇ, ನಿಮ್ಮೂರಲ್ಲೂ ಇಂಥ ಒಂದು ಕೋಣೆ ಮೆಟ್ಟಿಲ ತುದಿಯಲ್ಲಿರುತ್ತದೆ. ನಿಮಗೆ ಮಂಡಿ ಗಟ್ಟಿ ಇದೆ, ಹತ್ತಿ ಹೋಗಿ. ಅಗೆದವರ ಪುಸ್ತಕವನ್ನು ಅಗೆದವರು ಕೂರುವಲ್ಲಿಗೆ ಇಳಿಸಿ ಎಂದು ಕೇಳಿ. ಆಗುವುದಿಲ್ಲ ಎಂದರೆ ಆ ಮೆಟ್ಟಿಲ ಮೇಲೇ ಕೂತುಬಿಡಿ, ಇಳಿಸುವ ತನಕ ಏಳಬೇಡಿ.