ಮೇಲಿನ ಮನೆಯ ಟೀಚರ್ ಇಂಗ್ಲೆಂಡಿನವರಲ್ಲ

ದೋಹಾದ ಐನ್ ಖಾಲಿದ್ ಬಡಾವಣೆಯಲ್ಲಿ ನಾವಿರುವ ವಿಲ್ಲಾದ ಮಹಡಿಯಲ್ಲಿ ಒಬ್ಬ ಬ್ರಿಟಿಷ್ ಟೀಚರ್ ಇದ್ದಾರೆ. ಮೊದಲ ಸಲ ಊಟಕ್ಕೆ ಕರೆದಾಗ ಹೆಂಡತಿಗೆ ‘ಇವರು ಇಂಗ್ಲೆಂಡಿನವರು’ ಎಂದು ಪರಿಚಯಿಸಿದೆ. ಅವರು ನಗುತ್ತಲೇ ತಿದ್ದಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಸೇರಿದರೆ ಗ್ರೇಟ್ ಬ್ರಿಟನ್. ಅದಕ್ಕೆ ಉತ್ತರ ಐರ್ಲೆಂಡೂ ಸೇರಿದರೆ ಯುನೈಟೆಡ್ ಕಿಂಗ್‌ಡಮ್. ಅವರ ಊರಾದ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪ ಎರಡರಲ್ಲೂ ಇಲ್ಲವಂತೆ. ಅಲ್ಲಿಗೂ ಅದೇ ರಾಜ, ಕಾವಲಿಗೆ ಲಂಡನ್ನಿನ ಸೈನ್ಯವೇ. ಆದರೆ ಪಾರ್ಲಿಮೆಂಟು, ಕಾನೂನು, ತೆರಿಗೆ ಎಲ್ಲ ಅವರದೇ.

“ಪಾಪ, ಎಷ್ಟು ಜನರಿಗೆ ಅಂತ ಹೇಳುದು ಮಾರಾಯ್ರೆ ಅವರು,” ಎಂದಳು ಹೆಂಡತಿ ಆಮೇಲೆ. ಆ ಸಂಕಟ ನನಗೇನು ಹೊಸದೇ? ನಾನು ಪುತ್ತೂರಿನವನು. ದೋಹಾದಲ್ಲಿ ಕಂಡವರೆಲ್ಲ ನನ್ನನ್ನು ಮಲಯಾಳಿ ಮಾಡಿಬಿಡುತ್ತಾರೆ. ಮೈಯೆಲ್ಲ ಉರಿಯುತ್ತದೆ.

ಮೊನ್ನೆ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಟೀಚರ್ ಸಿಕ್ಕರು. ಕೋಝಿಕ್ಕೋಡಿನ ಅಂಗಡಿಯವನು ಖುಷಿಯಿಂದ, “ಇಂಗ್ಲೆಂಡ್ ಮೇಡಂ, ಮಲಯಾಳಿ ಸಾರ್, ಇಬ್ಬರೂ ಒಟ್ಟಿಗೆ!” ಎಂದು ಇಂಗ್ಲಿಷಿನಲ್ಲಿ ಸ್ವಾಗತಿಸಿದ.

“ಅವರು ಮಲಯಾಳಿ ಅಲ್ಲ, ಕರ್ನಾಟಕದವರು,” ಎಂದರು ಟೀಚರ್, ತಟ್ಟನೆ. ತಮ್ಮ ದ್ವೀಪದ ಹೆಸರು ಮಾತ್ರ ಎತ್ತಲಿಲ್ಲ. ಹೇಳಿ ಹೇಳಿ ಸಾಕಾಗಿತ್ತೇನೋ.

ನನಗೆ ತಡೆಯಲಾಗಲಿಲ್ಲ. ಆ ದ್ವೀಪ, ರಾಜ, ಪಾರ್ಲಿಮೆಂಟು ಎಲ್ಲವನ್ನೂ ಅವನಿಗೆ ಅರ್ಥವಾಗಲಿ ಎಂದು ಅಚ್ಚ ಮಲಯಾಳದಲ್ಲೇ ಬಿಡಿಸಿ ಹೇಳಿದೆ. ಅವನು ತಲೆದೂಗುತ್ತ ಪೂರ್ತಿ ಕೇಳಿ ಟೀಚರ್ ಕಡೆ ತಿರುಗಿದ.

“ನೋಡಿದ್ರಾ ಮೇಡಂ? ಪಕ್ಕಾ ಮಲಯಾಳಿ!”