ನಿಮ್ಮ ಸಹಿಯ ಮೇಲೆ ನಾನು ತುರುಕಿದ ಸಾಲು

ಖಾದರ್ ಚಾಚಾ, ಮಿಡಿಗೇಶಿ ಶಿವರುದ್ರಣ್ಣನ ಕಂಪ್ಯೂಟರು ಸುಟ್ಟುಹೋದದ್ದು ನಿಮ್ಮ ಮರೆವಿನಿಂದಲ್ಲ. ನನ್ನಿಂದ. ಮೂರು ವರ್ಷದಿಂದ ಈ ಮಾತು ನುಂಗಿಕೊಂಡು ನಿಮ್ಮದೇ ಅಂಗಡಿಯಲ್ಲಿ, ನಿಮ್ಮದೇ ಕುರ್ಚಿಯಲ್ಲಿ ಕೂತಿದ್ದೇನೆ — ಥೂ, ನನ್ನ ಜನ್ಮಕ್ಕಿಷ್ಟು!

ತಾವರೆಕೆರೆಯಿಂದ ಡಿಪ್ಲೊಮಾ ಹಿಡಿದು ಶಿರಾಕ್ಕೆ ಬಂದಾಗ, ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡೀತಾಳಾ ಎಂದು ನಕ್ಕವರೇ ಹೆಚ್ಚು. ನೀವೊಬ್ಬರು ಸ್ಟೂಲು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಿರಿ. ನಿಮ್ಮಂಥ ಕೆಲಸಗಾರರನ್ನು ನಾನು ಇನ್ನೂ ಕಂಡಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ತಂದರೆ ಬೇರೆಯವರು ಸಿಕ್ಕಿಸಿ ಕಳಿಸುತ್ತಿದ್ದರು. ನೀವು ಮೊದಲು ಎಸ್‌ಎಂಪಿಎಸ್ ನೋಡುತ್ತಿದ್ದಿರಿ — ಕಂಪ್ಯೂಟರಿಗೆಲ್ಲ ಕರೆಂಟು ಹಂಚುವ ಆ ಡಬ್ಬ ಹೊಸ ಹೊರೆಯನ್ನು ತಾಳುತ್ತದೋ ಇಲ್ಲವೋ ಅಂತ. ಅದರ ಮೇಲೆ ದಪ್ಪಗೆ ಬರೆದ ವ್ಯಾಟ್ ಓದಿ ನಾನು "ಸಾಕು ಚಾಚಾ" ಅಂದರೆ ನಗುತ್ತಿದ್ದಿರಿ.

"ಕೊಂಬು ನೋಡಿ ಎಮ್ಮೆ ತಗೋತಾರೇನು ಬೇಟಿ? ಕೆಚ್ಚಲು ನೋಡ್ಬೇಕು. ಹನ್ನೆರಡು ವೋಲ್ಟಿನ ಸಾಲಲ್ಲಿ ಎಷ್ಟು ಆಂಪ್ಸ್ ಐತೆ, ಅದು ಓದು."

ಆಮೇಲೆ ಚೀಟಿ. ಒಳಗಿನ ಒಂದೊಂದು ಭಾಗದ ಹೆಸರನ್ನೂ ಅದು ಎಳೆಯುವ ವ್ಯಾಟನ್ನೂ ನಾನು ಬರೆಯಬೇಕು. ನೀವು ಕೂಡಿ, ಮೊತ್ತದ ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿ, ಕ್ಯಾಬಿನೆಟ್ಟಿನ ಒಳಗೆ ಅಂಟಿಸುತ್ತಿದ್ದಿರಿ. ಒಂದೇ ಒಂದು ಭಾಗ ಬದಲಾದರೂ ಹಳೆ ಚೀಟಿ ಹರಿದು ಹೊಸದು ಬರೆಯಬೇಕು. ಪಾವಗಡದ ಕಡೆಯವರೂ ಹಳೆ ಕಂಪ್ಯೂಟರ್ ಕೊಳ್ಳುವಾಗ "ಸಾಬ್ರ ಚೀಟಿ ಐತಾ?" ಎಂದು ಕೇಳುತ್ತಿದ್ದರು. ಅಂಥ ನಂಬಿಕೆ ನಿಮ್ಮದು.

ಆ ಶುಕ್ರವಾರ ಶಿವರುದ್ರಣ್ಣ ಬೆಳಿಗ್ಗೆಯೇ ಬಂದು, ಮದುವೆ ವಿಡಿಯೊ ಎಡಿಟ್ ಮಾಡುವ ತನ್ನ ಕಂಪ್ಯೂಟರನ್ನೂ ಹೊಸ ಕಾರ್ಡನ್ನೂ ಇಟ್ಟುಹೋದ. ನೀವು ನಮಾಜಿಗೆ ಹೋದಿರಿ. ನನಗೆ — ಏನು ಹೇಳಲಿ — ಎಲ್ಲದಕ್ಕೂ ನಿಮ್ಮ ದಾರಿ ಕಾಯುವುದು ಸಾಕಾಗಿತ್ತು. ನನಗೂ ಬರುತ್ತದೆ ಅನ್ನುವ ಕೊಬ್ಬು. ಡಬ್ಬದ ಮೇಲಿನ ದಪ್ಪಕ್ಷರ ಓದಿದೆ, ಕೊಂಬನ್ನೇ ನೋಡಿದೆ. ಕಾರ್ಡಿಗೆ ಬೇಕಾದ ವೈರು ಆ ಡಬ್ಬದಲ್ಲಿ ಇರಲೇ ಇಲ್ಲ, ಅಂದರೆ ಅದು ಅಂಥ ಹೊರೆಗೆ ಮಾಡಿದ್ದೇ ಅಲ್ಲ. ಅಲ್ಲಾದರೂ ನಿಲ್ಲಬೇಕಿತ್ತು. ಹಾರ್ಡ್ ಡಿಸ್ಕಿಗೆ ಹೋಗುವ ವೈರಿನಿಂದ ಕವಲು ತೆಗೆದು ಸಿಕ್ಕಿಸಿಬಿಟ್ಟೆ. ಹಿಂದಿನ ವರ್ಷ ನೀವು ಅಂಟಿಸಿದ್ದ ಚೀಟಿ ಒಳಗೇ ಇತ್ತು. ಅದನ್ನು ಹರಿಯಲಿಲ್ಲ. ನಿಮ್ಮ ಮೊತ್ತದ ಮೇಲೆ ಇಷ್ಟೇ ಇಷ್ಟು ಜಾಗ ಉಳಿದಿತ್ತು, ಅಲ್ಲಿ ಹೊಸ ಕಾರ್ಡಿನ ಹೆಸರನ್ನೂ ವ್ಯಾಟನ್ನೂ ತುರುಕಿದೆ.

ನೀವು ವಾಪಸು ಬರುವ ಮೊದಲೇ ಶಿವರುದ್ರಣ್ಣ ಬಂದು ಕೇಳಿದ, "ಸಾಬ್ರು ನೋಡಿದ್ರೇನಮ್ಮ?"

"ಹ್ಞೂಂ, ನೋಡಿದ್ರು."

ನಾಲ್ಕನೇ ದಿನ ಅವನು ಸುಟ್ಟ ಕಂಪ್ಯೂಟರ್ ಹೊತ್ತು ತಂದ. ಹಾರ್ಡ್ ಡಿಸ್ಕೂ ಹೋಗಿತ್ತು, ಅದರಲ್ಲಿ ಪುರವರದ ಒಂದು ಮದುವೆ ಪೂರ್ತಿ ಇತ್ತು. "ನೀವು ನೋಡಿದ್ದಕ್ಕೇ ಹಿಂಗಾದ್ರೆ ಇನ್ಯಾರನ್ನ ನಂಬೋದು ಸಾಬ್ರೇ?" ಎಂದ. ನೀವು ಚೀಟಿಯ ಮಸಿ ಒರೆಸಿ, ಬೆರಳಿಟ್ಟು ಒಂದು ಸಲ ಕೂಡಿದಿರಿ. ಇನ್ನೊಂದು ಸಲ ಕೂಡಿದಿರಿ.

"ಕಾರ್ಡು ಬರ್ದೈತೆ... ಕೂಡೋವಾಗ ನಾನೇ ಬುಟ್ಬುಟ್ಟಿದೀನಿ. ಗ್ಯಾಪ್ಕನೇ ಇಲ್ವಲ್ಲ. ಇದು ನಾನು ನೋಡಿದ್ನಾ ಬೇಟಿ?"

ಆಗಲೂ ಹೇಳಬಹುದಿತ್ತು. ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ — "ನೋಡಿದ್ರಿ ಚಾಚಾ."

ನಿಮ್ಮ ನೆನಪಿಗಿಂತ ನನ್ನ ಮಾತನ್ನೇ ಹೆಚ್ಚು ನಂಬಿದಿರಿ. ಪುರವರಕ್ಕೆ ಹೋಗಿ ಮದುವಣಗಿತ್ತಿಯ ತಾಯಿಗೆ ಕೈಮುಗಿದು "ತಪ್ಪು ನಂದೇ ಕಣಮ್ಮ" ಅಂದಿರಿ. ನಾನು ಅವರ ಬಾಗಿಲ ಬಳಿ ನಿಂತು ನೋಡಿದೆ. ವಾಪಸು ಬಂದವರೇ ಬೀಗದ ಕೈ ನನ್ನ ಮುಂದಿಟ್ಟಿರಿ. "ಮರೆವು ಬಂದೋನು ಕರೆಂಟಿನ ಕೆಲ್ಸ ಮಾಡಬಾರ್ದು. ನೀನು ನೋಡ್ಕೋ." ಒಬ್ಬರ ಮೇಲೂ ಬೆರಳು ತೋರಿಸಲಿಲ್ಲ. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಣ್ಣ ಶಿಷ್ಯೆ ಸಿಕ್ಕಬಾರದಿತ್ತು.

ಅಂಗಡಿ ಬಿಟ್ಟು ನೀವು ಆರಾಮಾಗಿದ್ದೀರಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮೊನ್ನೆ ನಿಮ್ಮ ಮನೆಯಲ್ಲಿ ಚಾಚಿ ಟೀ ಕೊಡುತ್ತಾ ಕಣ್ಣೊರೆಸಿಕೊಂಡರು. "ಬಾಗ್ಲು ಹಾಕಿದ್ರೂ ಮೂರು ಸಲ ಎದ್ದು ನೋಡ್ತಾರಮ್ಮ. ನಮಾಜಲ್ಲಿ ಎಷ್ಟು ರಕಾತ್ ಆಯ್ತು ಅಂತಾನೂ ಅನುಮಾನ ಅವರಿಗೆ. ತಲೆ ಕೆಟ್ಟೈತೆ ನಂದು ಅಂತಾರೆ." ಟೀ ಲೋಟ ಕೆಳಗಿಟ್ಟು ಎದ್ದುಬಂದೆ ಚಾಚಾ. ನಾನು ನಿಮ್ಮ ಕೆಲಸವನ್ನು ಮಾತ್ರ ಕಿತ್ತುಕೊಂಡಿಲ್ಲ, ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ.

ಕ್ಷಮಿಸಿ ಅನ್ನುವುದಕ್ಕೂ ಬಾಯಿಲ್ಲ. ಈ ಕಾಗದವನ್ನು ನಾಳೆ ನಾನೇ ತಂದು, ಚಾಚಿಯ ಎದುರಿಗೇ ಓದುತ್ತೇನೆ. ಅಲ್ಲಿಂದ ಶಿವರುದ್ರಣ್ಣನ ಹತ್ತಿರ, ಪುರವರದ ಆ ತಾಯಿಯ ಹತ್ತಿರ ಹೋಗುತ್ತೇನೆ. ಬೀಗದ ಕೈಯೂ ಜೊತೆಗಿರುತ್ತದೆ. ಆ ಮಸಿ ಹಿಡಿದ ಚೀಟಿಯನ್ನು ಅವತ್ತೇ ಕಿತ್ತು ಬಚ್ಚಿಟ್ಟುಕೊಂಡಿದ್ದೆ, ಅದನ್ನೂ ತರುತ್ತೇನೆ. ನಾನು ತುರುಕಿದ ಸಾಲನ್ನು ಬೆರಳಿನಿಂದ ಮುಚ್ಚಿ, ಮಿಕ್ಕದ್ದನ್ನೆಲ್ಲ ಕೂಡಿ ನೋಡಿ ಚಾಚಾ. ನೀವು ಒಂದು ವ್ಯಾಟನ್ನೂ ಬಿಟ್ಟಿಲ್ಲ.